ನನ್ನದೇ ಹೆರಿಗೆ ಕೇಂದ್ರ: ಮೊದಲು ಬರೆದದ್ದು ‘ಆಗಲ್ಲ’ಗಳ ಪಟ್ಟಿ

ಸ್ವಂತ ಹೆರಿಗೆ ಕೇಂದ್ರ ಶುರು ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಜಾಗ ಹುಡುಕುತ್ತಾರೆ. ನಾನು ಮೊದಲು ಒಂದು ಹಾಳೆ ತೆಗೆದುಕೊಂಡು, ಯಾವ ಬಸುರಿಯರ ಹೆರಿಗೆಯನ್ನು ನಾನು ಒಪ್ಪಿಕೊಳ್ಳುವುದಿಲ್ಲ ಅಂತ ಬರೆಯಲು ಕೂತೆ. ಒಂದೇ ಹಾಳೆ, ಆದರೆ ಮುಗಿಯಲು ವಾರಗಟ್ಟಲೆ ಹಿಡಿಯಿತು. ಇವತ್ತಿಗೂ ನನ್ನ ಕೆಲಸ ನಿಂತಿರುವುದು ಆ ಹಾಳೆಯ ಮೇಲೆಯೇ.

ನಾನು ಮಿಡ್‌ವೈಫ್, ಅಂದರೆ ಹೆರಿಗೆ ಮಾಡಿಸಲು ತರಬೇತಿ ಪಡೆದವಳು. ವರ್ಷಗಟ್ಟಲೆ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ದುಡಿದವಳು. ಕೈಗೆ ಕೆಲಸ ಹತ್ತಿದ್ದು ಅಲ್ಲೇ, ಗಾಬರಿಯಾಗದೆ ನಿಲ್ಲೋದು ಕಲಿತದ್ದೂ ಅಲ್ಲೇ. ಆದರೆ ಒಂದು ಕೊರಗು ಮಾತ್ರ ಹೋಗಲಿಲ್ಲ. ನೋವು ಜೋರಾಗಿ, ಗರ್ಭಕೋಶದ ಬಾಯಿ ಆರೇಳು ಸೆಂಟಿಮೀಟರ್ ತೆರೆದ ಮೇಲೆ ಆ ಹೆಂಗಸಿನ ಮುಖವನ್ನು ಮೊದಲ ಸಲ ನೋಡುತ್ತಿದ್ದೆ. ಅವಳಿಗೆ ಯಾವುದು ಭಯ, ಹಿಂದಿನ ಹೆರಿಗೆಯಲ್ಲಿ ಏನಾಗಿತ್ತು, ಬೆನ್ನು ಸವರಿದರೆ ಹಿತವೋ ಕಿರಿಕಿರಿಯೋ, ಒಂದೂ ಗೊತ್ತಿರುತ್ತಿರಲಿಲ್ಲ. ಎಷ್ಟೋ ಸಲ ಮಗು ಹುಟ್ಟುವ ಮೊದಲೇ ನನ್ನ ಡ್ಯೂಟಿ ಮುಗಿದು, ಅವಳ ಮುಂದೆ ಇನ್ನೊಂದು ಹೊಸ ಮುಖ ಬಂದು ನಿಲ್ಲುತ್ತಿತ್ತು. ಬಾಣಂತಿಯಾದ ಮೇಲೆ ಅವಳು ಹೇಗಿದ್ದಾಳೆ ಅಂತ ಕೇಳುವ ಅವಕಾಶವೇ ಇಲ್ಲ.

ಬಸಿರಿನಿಂದ ಬಾಣಂತನದವರೆಗೆ ಪರಿಚಯದ ಮಿಡ್‌ವೈಫ್ ಒಬ್ಬರೇ ನೋಡಿಕೊಂಡರೆ ಸಿಸೇರಿಯನ್ ಕಡಿಮೆಯಾಗುತ್ತದೆ, ಸಹಜ ಹೆರಿಗೆ ಜಾಸ್ತಿಯಾಗುತ್ತದೆ, ತಾಯಂದಿರಿಗೆ ಹೆರಿಗೆಯ ನೆನಪೂ ಒಳ್ಳೆಯದಾಗಿ ಉಳಿಯುತ್ತದೆ ಅಂತ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ವಿಮರ್ಶೆಗಳು ಹೇಳುತ್ತವೆ. ಓದಿದಾಗ ನನಗೇನೂ ಆಶ್ಚರ್ಯ ಆಗಲಿಲ್ಲ. ವಾರ್ಡಿನಲ್ಲಿ ಅದರ ಕೊರತೆಯನ್ನು ದಿನಾ ನೋಡುತ್ತಿದ್ದೆ. ಆ ಕೆಲಸ ನಾನು ಮಾಡಬೇಕು ಅಂತ ಆಸೆಯಾಯಿತು. ಆಸ್ಪತ್ರೆ ಬಿಟ್ಟೆ.

ಬಿಡುವಾಗ ಜೊತೆಯವರು, ‘ಇನ್ನು ನಿನಗೆ ನೀನೇ ಯಜಮಾನಿ, ಯಾರ ಕಾಟವೂ ಇಲ್ಲ’ ಅಂದರು. ಪ್ರೀತಿಯಿಂದ ಆಡಿದ ಮಾತು. ಆದರೆ ಆಸ್ಪತ್ರೆಯಲ್ಲಿ ಗೆರೆಗಳನ್ನು ಬೇರೆಯವರು ಎಳೆದಿಟ್ಟಿರುತ್ತಾರೆ. ಬಿಪಿ ಇಷ್ಟಾದರೆ ಡಾಕ್ಟರನ್ನು ಕರಿ, ನೋವು ಇಷ್ಟು ಹೊತ್ತು ಮುಂದುವರಿದರೆ ಇದನ್ನು ಮಾಡು, ಎಲ್ಲ ಗೋಡೆ ಮೇಲೆ ಬರೆದಿರುತ್ತದೆ. ಹೊರಗೆ ಬಂದ ದಿನದಿಂದ ಆ ಗೆರೆಗಳನ್ನು ನಾನೇ ಎಳೆಯಬೇಕು. ಅದನ್ನು ನಡುರಾತ್ರಿ, ನೋವು ತಿನ್ನುವವಳ ಪಕ್ಕದಲ್ಲಿ ಕೂತು ಎಳೆಯುವುದಕ್ಕೆ ಆಗಲ್ಲ. ಆ ಹೊತ್ತಿನಲ್ಲಿ ಆಸೆ, ಸುಸ್ತು, ಮನೆಯವರ ಮುಖ ಎಲ್ಲ ಸೇರಿ ನಮ್ಮ ಕೈ ಜಗ್ಗುತ್ತವೆ. ಹಗಲಿನಲ್ಲಿ, ತಣ್ಣಗೆ ಕೂತು, ಬರೆದು ಮುಗಿಸಿರಬೇಕು.

ಆ ಹಾಳೆಯಲ್ಲಿ ಕೆಲವು ಸುಲಭವಾಗಿ ಬಂದವು. ಅವಳಿ ಮಕ್ಕಳು. ಮಗು ಬುಡ ಕೆಳಗಾಗಿ ಅಥವಾ ಅಡ್ಡ ಇರುವುದು. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿರುವುದು. 37 ವಾರ ತುಂಬುವ ಮೊದಲೇ ಶುರುವಾದ ನೋವು. ಬಿಪಿ 140/90 ಅಥವಾ ಅದಕ್ಕಿಂತ ಮೇಲೆ. ಇನ್ಸುಲಿನ್ ಬೇಕಾಗುವಷ್ಟು ಸಕ್ಕರೆ. ಹಿಂದಿನ ಹೆರಿಗೆಯಲ್ಲಿ ವಿಪರೀತ ರಕ್ತ ಹೋದದ್ದು. ಇವುಗಳಲ್ಲಿ ಚರ್ಚೆಯೇ ಇಲ್ಲ.

ಕಷ್ಟವಾದದ್ದು ಅಂಚಿನಲ್ಲಿ ಇರುವವರ ವಿಷಯ. ಹಿಂದೆ ಒಂದು ಸಿಸೇರಿಯನ್ ಆಗಿ, ಈ ಸಲ ಸಹಜವಾಗಿ ಹೆರಬೇಕು ಅಂತ ಬರುವವರು ಎಷ್ಟೋ ಜನ. ಹಾಗೆ ಹೆರುವುದು ಬಹಳಷ್ಟು ಹೆಂಗಸರಿಗೆ ಸಾಧ್ಯ, ಸರಿಯೂ ಹೌದು. ಆದರೆ ಹಳೇ ಹೊಲಿಗೆ ಬಿಚ್ಚಿಕೊಳ್ಳುವ ಅಪರೂಪದ ಗಳಿಗೆ ಬಂದರೆ ಆಪರೇಷನ್ ಥಿಯೇಟರ್ ಅದೇ ಕಟ್ಟಡದಲ್ಲಿ ಇರಬೇಕು. ನನ್ನಲ್ಲಿ ಇಲ್ಲ. ಹಾಗಾಗಿ ‘ಆಗಲ್ಲ’ ಅಂತ ಬರೆದೆ. ಬರೆಯುವಾಗ ಬೇಜಾರಾಯಿತು. ಇವತ್ತಿಗೂ ಅಂಥವರು ಬಂದರೆ ಬೇಜಾರಾಗುತ್ತದೆ. ಆದರೆ ಅವರನ್ನು ಬರಿಗೈಲಿ ಕಳಿಸಲ್ಲ. ಸಹಜ ಹೆರಿಗೆಗೆ ನಿಜವಾಗಿ ಅವಕಾಶ ಕೊಡುವ ಡಾಕ್ಟರ್ ಯಾರು ಅಂತ ಹೇಳುತ್ತೇನೆ, ಅವರನ್ನು ಏನು ಕೇಳಬೇಕು ಅಂತ ಬರೆದುಕೊಡುತ್ತೇನೆ.

ಆ ಹಾಳೆ ಹಿಡಿದುಕೊಂಡು ಹತ್ತಿರದ ದೊಡ್ಡ ಆಸ್ಪತ್ರೆಯ ಹೆರಿಗೆ ತಜ್ಞೆಯನ್ನು ನೋಡಲು ಹೋದೆ. ನನ್ನಂಥವರು ಬಂದರೆ ಕೆಲವು ಡಾಕ್ಟರುಗಳಿಗೆ ಅಸಮಾಧಾನ. ಅದಕ್ಕೆ ಕಾರಣವೂ ಇದೆ. ಬೇರೆ ಕಡೆ ತಡಮಾಡಿ, ಕೊನೇ ಗಳಿಗೆಯಲ್ಲಿ ತಂದು ಹಾಕಿದ ಹೆಂಗಸರನ್ನು ಉಳಿಸಲು ಒದ್ದಾಡಿದವರು ಅವರು. ಈ ತಜ್ಞೆ ನನ್ನ ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

‘ನೀವು ಯಾರನ್ನು ತೆಗೆದುಕೊಳ್ಳಲ್ಲ ಅನ್ನೋದು ಇಲ್ಲಿದೆ. ತೆಗೆದುಕೊಂಡವರನ್ನು ಯಾವಾಗ ಕಳಿಸುತ್ತೀರಿ?’

‘ಬರೀತೀನಿ ಮೇಡಂ,’ ಅಂದೆ.

‘ಬರೆದು ತನ್ನಿ. ರಾತ್ರಿ ಎಷ್ಟೊತ್ತಿಗೆ ಫೋನ್ ಮಾಡಿದರೂ ಬೈಯಲ್ಲ. ತಡವಾಗಿ ಮಾಡಿದರೆ ಮಾತ್ರ ಬೈತೀನಿ.’

ಎರಡನೇ ಹಾಳೆ ಹುಟ್ಟಿದ್ದು ಹಾಗೆ. ಅದನ್ನು ಬರೆಯುವಾಗ ಪಾರ್ಟೋಗ್ರಾಫ್‌ನ ಕಥೆ ಮತ್ತೆ ಓದಿದೆ. ಹೆರಿಗೆಯ ನೋವು ಹೇಗೆ ಮುಂದುವರಿಯುತ್ತಿದೆ ಅಂತ ಗುರುತಿಸುವ ಆ ನಕ್ಷೆಯನ್ನು ವಾರ್ಡಿನಲ್ಲಿ ಸುಮ್ನೆ ತುಂಬುತ್ತಿದ್ದೆವು. 1972ರಲ್ಲಿ ಫಿಲ್‌ಪಾಟ್ ಮತ್ತು ಕಾಸಲ್ ಅನ್ನುವ ಇಬ್ಬರು ಡಾಕ್ಟರುಗಳು, ಆಗ ರೊಡೇಷಿಯಾ ಆಗಿದ್ದ ಇಂದಿನ ಜಿಂಬಾಬ್ವೆಯಲ್ಲಿ, ಅದಕ್ಕೆ ಎರಡು ಗೆರೆ ಸೇರಿಸಿದರು. ಒಂದು ಎಚ್ಚರಿಕೆಯ ಗೆರೆ. ಅದರಿಂದ 4 ಗಂಟೆ ಆಚೆಗೆ, ಇನ್ನು ಕಾಯದೆ ಕೈಹಾಕಬೇಕು ಅನ್ನುವ ಗೆರೆ. ಆಸ್ಪತ್ರೆಯಿಂದ ದೂರದಲ್ಲಿ, ಮಿಡ್‌ವೈಫ್‌ಗಳೇ ನಡೆಸುತ್ತಿದ್ದ ಹೆರಿಗೆ ಮನೆಗಳಿಂದ ಹೆಂಗಸನ್ನು ಯಾವಾಗ ಕಳಿಸಬೇಕು ಅಂತ ತಿಳಿಯಲಿ ಅನ್ನುವುದೇ ಮೊದಲ ಗೆರೆಯ ಉದ್ದೇಶ. ಅಂದರೆ ಅದು ನನ್ನಂಥವಳಿಗಾಗಿಯೇ ಎಳೆದ ಗೆರೆ!

ಈಗ ಲೆಕ್ಕ ಬದಲಾಗಿದೆ. ಗರ್ಭಕೋಶದ ಬಾಯಿ ಗಂಟೆಗೆ 1 ಸೆಂಟಿಮೀಟರ್ ತೆರೆಯಲೇಬೇಕು ಅನ್ನುವ ಹಳೇ ಅಳತೆ ಎಲ್ಲರಿಗೂ ಹೊಂದಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ನೋವಿನ ಜೋರು ಹಂತ 5 ಸೆಂಟಿಮೀಟರ್‌ನಿಂದ ಶುರು ಅಂತ ಎಣಿಸಬೇಕು, ಅಲ್ಲಿಂದ ಚೊಚ್ಚಲ ಹೆರಿಗೆಗೆ 12 ಗಂಟೆಯವರೆಗೂ ಹಿಡಿಯಬಹುದು. 2020ರಲ್ಲಿ ಆ ನಕ್ಷೆಯ ಹೊಸ ನಮೂನೆ ಬಂತು. ಅದರಲ್ಲಿ ನನಗೆ ತುಂಬ ಹಿಡಿಸಿದ್ದು ಮೇಲಿನ ಕೆಲವು ಸಾಲುಗಳು: ಜೊತೆಗೆ ಯಾರಾದರೂ ಇದ್ದಾರಾ, ಕುಡಿಯಲು ಏನಾದರೂ ತೆಗೆದುಕೊಂಡಳಾ, ನೋವಿಗೆ ಏನು ಮಾಡಿದಿರಿ, ಯಾವ ಭಂಗಿಯಲ್ಲಿ ಇದ್ದಾಳೆ. ಒಳ್ಳೆಯ ಮಿಡ್‌ವೈಫ್ ಹೇಗೂ ನೋಡುತ್ತಿದ್ದ ವಿಷಯಗಳು ಇವು. ಈಗ ಎದೆಬಡಿತ, ಬಿಪಿಯಷ್ಟೇ ಗೌರವದಿಂದ ಅವನ್ನೂ ಬರೆಯಬೇಕು.

ಜಾಗದ ವಿಷಯದಲ್ಲಿ ಜಾಸ್ತಿ ಹೇಳುವುದಿಲ್ಲ. ಚೆಂದಕ್ಕಿಂತ ಮುಖ್ಯವಾದವು ಮೂರೇ. ಆಸ್ಪತ್ರೆಗೆ ಎಷ್ಟು ನಿಮಿಷ, ಅದೂ ಟ್ರಾಫಿಕ್ ಜಾಸ್ತಿ ಇರುವ ಹೊತ್ತಿನಲ್ಲಿ. ಮಂಚದಿಂದ ಆಂಬುಲೆನ್ಸ್‌ವರೆಗೆ ಸ್ಟ್ರೆಚರ್ ಎಲ್ಲೂ ಸಿಕ್ಕಿಕೊಳ್ಳದೆ ತಿರುಗುತ್ತದಾ. ಕರೆಂಟು ಹೋದರೆ ಬೆಳಕು, ಬಿಸಿನೀರು ಇರುತ್ತದಾ. ನೋಂದಣಿ, ವಿಮೆ, ಔಷಧಿ ಇಟ್ಟುಕೊಳ್ಳಲು ಅನುಮತಿ, ಇವೆಲ್ಲ ಒಂದೊಂದು ದೇಶದಲ್ಲಿ ಒಂದೊಂದು ಥರ. ನಿಮ್ಮಲ್ಲಿ ಮಿಡ್‌ವೈಫ್ ಸ್ವತಂತ್ರವಾಗಿ ಕೆಲಸ ಮಾಡಲು ಕಾನೂನು ಬಿಡುತ್ತದಾ ಅಂತ ಕೆಲಸ ಬಿಡುವ ಮೊದಲೇ ವಿಚಾರಿಸಿ.

ಸಾಮಾನಿನ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಬರುವವರ ಕಣ್ಣಿಗೆ ಬೀಳುವುದು ನೀರಿನ ತೊಟ್ಟಿ, ದೊಡ್ಡ ಚೆಂಡು, ಮಂದ ಬೆಳಕು. ಅವೆಲ್ಲ ಬೇಕು, ನೋವು ತಿನ್ನುವವಳಿಗೆ ನಿಜವಾಗಿ ಆಸರೆ. ಆದರೆ ನನ್ನ ಬೆಳಗು ಶುರುವಾಗುವುದು ಮಗುವಿಗೆ ಉಸಿರು ಕೊಡುವ ಬ್ಯಾಗಿನಿಂದ. ಮಾಸ್ಕನ್ನು ಅಂಗೈಗೆ ಗಟ್ಟಿಯಾಗಿ ಒತ್ತಿ ಬ್ಯಾಗ್ ಹಿಸುಕುತ್ತೇನೆ. ಗಾಳಿ ಅಂಗೈಗೆ ಒತ್ತಬೇಕು, ಕವಾಟ ತೆರೆದುಕೊಳ್ಳುವ ಸಣ್ಣ ಸದ್ದು ಕೇಳಬೇಕು, ಕೈ ಬಿಟ್ಟ ಕೂಡಲೇ ಬ್ಯಾಗ್ ಉಬ್ಬಿ ಮೊದಲಿನಂತಾಗಬೇಕು. ಎರಡು ಅಳತೆಯ ಮಾಸ್ಕ್, ಎರಡೂ ಕೈಗೆ ಸಿಗುವಲ್ಲಿ. ದಿನ ತುಂಬಿ ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು 85 ತಾವೇ ಉಸಿರಾಡುತ್ತವೆ, ಇನ್ನು 10 ಚೆನ್ನಾಗಿ ಒರೆಸಿ ಬೆನ್ನು ತಿಕ್ಕಿದರೆ ಉಸಿರಾಡುತ್ತವೆ. ಉಳಿದ ಆ ಕೆಲವಕ್ಕೆ ಮೊದಲ ನಿಮಿಷದಲ್ಲೇ ಬ್ಯಾಗ್ ಬೇಕು. ಯಾವ ಮಗು ಅಂತ ಮೊದಲೇ ಹೇಳಲು ಬರುವುದಿಲ್ಲ.

ಆಮೇಲೆ ಫ್ರಿಜ್. ಹೆರಿಗೆಯಾದ ಕೂಡಲೇ ರಕ್ತಸ್ರಾವ ತಡೆಯಲು ಕೊಡುವ ಆಕ್ಸಿಟೋಸಿನ್ 2ರಿಂದ 8 ಡಿಗ್ರಿ ತಣುವಿನಲ್ಲಿ ಇರಬೇಕು. ಬಿಸಿಗೆ ಅದರ ಶಕ್ತಿ ಕುಂದುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೇ ಆಗಲ್ಲ. ಅದಕ್ಕೇ ಫ್ರಿಜ್ ಒಳಗೆ ಥರ್ಮಾಮೀಟರ್, ಬಾಗಿಲ ಮೇಲೆ ದಿನಕ್ಕೆ ಎರಡು ಸಲ ಬರೆಯುವ ಚೀಟಿ. ಆ ಫ್ರಿಜ್‌ನಲ್ಲಿ ಬೇರೆ ಏನೂ ಇಡಲ್ಲ.

ಮೊದಲ ಭೇಟಿಗೆ ನಾನು ಒಂದೂವರೆ ಗಂಟೆ ಇಟ್ಟುಕೊಳ್ಳುತ್ತೇನೆ. ಬಸಿರಿನಲ್ಲಿ ಕನಿಷ್ಠ 8 ಸಲವಾದರೂ ನೋಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2016ರ ಸಲಹೆ. ನಮ್ಮಲ್ಲಿ ಅದಕ್ಕಿಂತ ಜಾಸ್ತಿಯೇ ಆಗುತ್ತದೆ. ಎಲ್ಲರೂ ಕೇಳುವ ಮೊದಲ ಪ್ರಶ್ನೆ ‘ಇಲ್ಲಿ ನಾರ್ಮಲ್ ಆಗುತ್ತದೆ ಅಲ್ವಾ?’ ಅದಕ್ಕೆ ಹೌದು ಅಂದುಬಿಟ್ಟರೆ ಅವರೂ ಖುಷಿ, ನನ್ನ ಪುಸ್ತಕದಲ್ಲಿ ಹೆಸರೂ ಸೇರುತ್ತದೆ. ನಾನು ಹಾಗೆ ಹೇಳಲ್ಲ. ಇಂಗ್ಲೆಂಡಿನಲ್ಲಿ ಸುಮಾರು 64,000 ಹೆಂಗಸರ ಹೆರಿಗೆ ನೋಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಅಂಕಿಗಳನ್ನು ಮುಂದಿಡುತ್ತೇನೆ. ಆಸ್ಪತ್ರೆಯಿಂದ ಬೇರೆಯಾಗಿ ನಡೆಯುವ ಮಿಡ್‌ವೈಫ್ ಕೇಂದ್ರಗಳಲ್ಲಿ ಹೆರಿಗೆಗೆ ಬಂದ ಚೊಚ್ಚಲ ಬಸುರಿಯರಲ್ಲಿ 100ಕ್ಕೆ 36 ಜನ ಹೆರಿಗೆ ಹೊತ್ತಿನಲ್ಲೋ ಆದ ಕೂಡಲೇಯೋ ಆಸ್ಪತ್ರೆಗೆ ಹೋಗಬೇಕಾಯಿತು. ಹಿಂದೆ ಹೆತ್ತವರಲ್ಲಿ ಅದು ತುಂಬ ಕಡಿಮೆ, 100ಕ್ಕೆ ಸುಮಾರು 9. ತೊಂದರೆ ಇಲ್ಲದ ಬಸುರಿಯರಿಗೆ ಈ ಕೇಂದ್ರಗಳಲ್ಲಿ ಮಕ್ಕಳ ಸ್ಥಿತಿ ಆಸ್ಪತ್ರೆಯಷ್ಟೇ ಚೆನ್ನಾಗಿತ್ತು, ಆಪರೇಷನ್‌ಗಳು ಕಡಿಮೆ ಇದ್ದವು. ಆದರೆ ಚೊಚ್ಚಲ ಹೆರಿಗೆ ಮನೆಯಲ್ಲೇ ಅಂತ ಹೊರಟವರಲ್ಲಿ ಮಕ್ಕಳಿಗೆ ತೊಂದರೆ ಸ್ವಲ್ಪ ಜಾಸ್ತಿ ಕಂಡಿತು. ಅದನ್ನೂ ಹೇಳುತ್ತೇನೆ. ನಾನು ಚೊಚ್ಚಲಿನವರಿಗೆ ಮನೆ ಹೆರಿಗೆ ಮಾಡದಿರುವುದು ಇದೇ ಕಾರಣಕ್ಕೆ.

ಕೆಲವರು ಅಂಕಿ ಕೇಳಿ ಎದ್ದು ಹೋಗುತ್ತಾರೆ. ಹೋಗಲಿ. ಉಳಿದವರಿಗೆ ಆಂಬುಲೆನ್ಸ್ ಅನ್ನುವ ಮಾತು ಮೊದಲ ದಿನವೇ ಕಿವಿಗೆ ಬಿದ್ದಿರುತ್ತದೆ. ಹೆರಿಗೆ ದಿನ ಅದು ಹೊಸ ಸುದ್ದಿ ಆಗಬಾರದು.

ಕೇಂದ್ರ ಶುರುವಾದ ಹೊಸದರಲ್ಲಿ ಒಬ್ಬಳು ಬಂದಳು. ಎರಡನೇ ಬಸಿರು. ಮೊದಲನೆಯದು ನಾನು ವಾರ್ಡಿನಲ್ಲಿದ್ದಾಗ ನನ್ನ ಕೈಯಲ್ಲೇ ಆಗಿತ್ತು. ‘ನೀವು ಸ್ವಂತ ಶುರು ಮಾಡಿದ್ದೀರಿ ಅಂತ ಕೇಳಿ ಎಷ್ಟು ಖುಷಿಯಾಯಿತು ಅಕ್ಕ’ ಅಂತ ಕೈ ಹಿಡಿದುಕೊಂಡಳು. ಆಗ ನನಗೆ ಬರುತ್ತಿದ್ದವರೇ ಕಡಿಮೆ, ಬಾಡಿಗೆ ಕಟ್ಟುವುದೂ ಕಷ್ಟ. ಸ್ಕ್ಯಾನ್ ಆಯಿತು. ಅವಳಿ. ರಿಪೋರ್ಟ್ ತಂದು ಮೇಜಿನ ಮೇಲಿಟ್ಟು, ‘ನಿಮ್ಮ ಮೇಲೆ ನಂಬಿಕೆ ಇದೆ, ಏನಾದರೂ ನಿಮ್ಮ ತಪ್ಪು ಅನ್ನಲ್ಲ, ಬರೆದುಕೊಡುತ್ತೇನೆ’ ಅಂದಳು. ನಾನು ಡ್ರಾಯರಿನಿಂದ ಹಾಳೆ ತೆಗೆದು ಅವಳ ಮುಂದೆ ಇಟ್ಟೆ. ಮೊದಲ ಸಾಲೇ ಅದು. ‘ನೀನು ಬರೋ ಮೊದಲೇ ಬರೆದದ್ದು ಕಣಮ್ಮ, ನಿನ್ನ ನೋಡಿ ಬರೆದದ್ದಲ್ಲ’ ಅಂದೆ. ಅವಳು ಅತ್ತಳು. ಅವತ್ತು ಆ ಹಾಳೆ ಇರದಿದ್ದರೆ ಅವಳ ನಂಬಿಕೆಯ ಮುಂದೆ ಇಲ್ಲ ಅನ್ನುವುದು ಇನ್ನೂ ಕಷ್ಟವಾಗುತ್ತಿತ್ತು. ಹೆರಿಗೆ ತಜ್ಞೆಯ ಹತ್ತಿರ ನಾನೇ ಕರೆದುಕೊಂಡು ಹೋದೆ. ಹೆರಿಗೆಯಾದ ಮೇಲೆ ಎರಡು ಮಕ್ಕಳಿಗೂ ಹಾಲು ಕುಡಿಸುವುದನ್ನು ಕಲಿಸಲು ಅವಳ ಮನೆಗೆ ಹೋಗುತ್ತಿದ್ದೆ.

ಎರಡನೇ ಹಾಳೆಯ ಬೆಲೆ ತಿಳಿದದ್ದು ಇನ್ನೊಂದು ರಾತ್ರಿ. ಎಲ್ಲ ಸರಾಗವಾಗಿ ಆಗಿತ್ತು. ಮಗು ಅಳುತ್ತಾ ಬಂತು, ತಾಯಿಯ ಎದೆ ಮೇಲೆ ಮಲಗಿಸಿದೆವು. ಆಕ್ಸಿಟೋಸಿನ್ 10 ಯೂನಿಟ್ ತೊಡೆಗೆ ಚುಚ್ಚಿ, ಹೊಕ್ಕುಳಬಳ್ಳಿಯ ಬಡಿತ ನಿಂತ ಮೇಲೆ ಕತ್ತರಿಸಿ ಆಗಿತ್ತು. ಮಾಸು ಪೂರ್ತಿ ಬಿದ್ದಿತು. ಆಮೇಲೂ ರಕ್ತ ನಿಲ್ಲಲಿಲ್ಲ. ಧಾರೆಯಾಗಿ ಏನೂ ಅಲ್ಲ, ನಿಧಾನಕ್ಕೆ, ಬಿಡದೆ. ಇಂಥದ್ದೇ ಕಣ್ಣಿಗೆ ಮೋಸ ಮಾಡುವುದು. ಬಟ್ಟೆಗೆ ಹೀರಿಕೊಂಡ ರಕ್ತವನ್ನು ಎಷ್ಟು ಅನುಭವ ಇದ್ದವರೂ ಕಡಿಮೆಯೇ ಅಂದಾಜು ಮಾಡುತ್ತಾರೆ. ಅದಕ್ಕೆ ನಾವು ಮಗು ಹುಟ್ಟಿದ ಕೂಡಲೇ ತಾಯಿಯ ಕೆಳಗೆ ಅಳತೆ ಗೆರೆ ಇರುವ ಪ್ಲಾಸ್ಟಿಕ್ ಚೀಲದ ಹಾಸು ಹಾಕುತ್ತೇವೆ. ಆಫ್ರಿಕಾದ 4 ದೇಶಗಳ 80 ಆಸ್ಪತ್ರೆಗಳಲ್ಲಿ ಇಂಥ ಹಾಸಿನಿಂದ ರಕ್ತ ಅಳೆದು, ಕೊಡಬೇಕಾದ ಚಿಕಿತ್ಸೆಗಳನ್ನು ಒಂದಾದ ಮೇಲೊಂದು ಕಾಯದೆ ಒಟ್ಟಿಗೇ ಕೊಟ್ಟಾಗ ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅಪಾಯ 60 ಶೇಕಡದಷ್ಟು ಇಳಿಯಿತು ಅಂತ 2023ರಲ್ಲಿ ಫಲಿತಾಂಶ ಬಂದಿತ್ತು. ಓದಿದ ವಾರವೇ ತರಿಸಿದ್ದೆ.

ಚೀಲದಲ್ಲಿ ರಕ್ತ 500 ಮಿಲಿ ಗೆರೆ ಮುಟ್ಟಿತು. ನನ್ನ ಒಂದು ಕೈ ಅವಳ ಹೊಟ್ಟೆಯ ಮೇಲೆ ಗರ್ಭಕೋಶವನ್ನು ತಿಕ್ಕುತ್ತಿತ್ತು. ಅದು ಕೈಕೆಳಗೆ ಗಟ್ಟಿಯಾಗುತ್ತಿತ್ತು, ಬಿಟ್ಟರೆ ಮೆತ್ತಗಾಗುತ್ತಿತ್ತು. ತಾಯಿ ಚೆನ್ನಾಗಿಯೇ ಮಾತಾಡುತ್ತಿದ್ದಳು, ನಾಡಿಯೂ ಪರವಾಗಿಲ್ಲ. ಇನ್ನೊಂದು ಐದು ನಿಮಿಷ ನೋಡೋಣ ಅಂತ ಯಾರಿಗಾದರೂ ಅನಿಸುವ ಗಳಿಗೆ ಅದು. ಆದರೆ ಹಾಳೆಯಲ್ಲಿ ‘500 ಮುಟ್ಟಿದರೆ ಫೋನ್, ನಿಲ್ಲುತ್ತದಾ ಅಂತ ಕಾಯಬೇಡ’ ಅಂತ ಇತ್ತು. ಜೊತೆಗಿದ್ದ ಮಿಡ್‌ವೈಫ್ ನನ್ನ ಮುಖವನ್ನೂ ನೋಡಲಿಲ್ಲ, ಫೋನ್ ಎತ್ತಿಕೊಂಡಳು. ಡ್ರಿಪ್ ಹಾಕಿದೆವು, ಅದರಲ್ಲಿ ಮತ್ತೆ ಆಕ್ಸಿಟೋಸಿನ್, ರಕ್ತ ನಿಲ್ಲಿಸುವ ಇನ್ನೊಂದು ಔಷಧಿ ಟ್ರಾನೆಕ್ಸಾಮಿಕ್ ಆ್ಯಸಿಡ್ ಬೇರೆ. ಮೂತ್ರಕೋಶ ಖಾಲಿ ಮಾಡಿಸಿದೆವು, ಹೆರಿಗೆ ದಾರಿ ಎಲ್ಲಾದರೂ ಹರಿದಿದೆಯಾ ಅಂತ ನೋಡಿದೆವು. ಆಂಬುಲೆನ್ಸ್ ಬಂದಾಗ ರಕ್ತ ಬಹುಪಾಲು ನಿಂತಿತ್ತು. ಆದರೂ ಹೊರಟೆವು, ಮಗು ಅವಳ ಎದೆಗೆ ಕಟ್ಟಿಕೊಂಡೇ. ತಜ್ಞೆ ಬಾಗಿಲಲ್ಲೇ ನಿಂತಿದ್ದರು. ಒಳಗೆ ನೋಡಿ, ಒಂದು ರಾತ್ರಿ ಇಟ್ಟುಕೊಂಡು, ಮಾರನೇ ದಿನ ಮನೆಗೆ ಕಳಿಸಿದರು. ‘ಸುಮ್ನೆ ತೊಂದರೆ ಕೊಟ್ಟೆವಾ ಮೇಡಂ?’ ಅಂತ ಕೇಳಿದ್ದಕ್ಕೆ, ‘ಇಂಥ ತೊಂದರೆ ನೂರು ಸಲ ಕೊಡಿ’ ಅಂದರು.

ಎಲ್ಲ ಸಾಗಣೆಯೂ ಹೀಗೆ ಉಸಿರು ಬಿಗಿ ಹಿಡಿಯುವಂಥದ್ದಲ್ಲ. ಹೆಚ್ಚಿನವು ನಿಧಾನ. ಚೊಚ್ಚಲಿನವಳು, ಮಗುವಿನ ಎದೆಬಡಿತ ಚೆನ್ನಾಗಿದೆ, ಆದರೆ ಗರ್ಭಕೋಶದ ಬಾಯಿ ಗಂಟೆಗಟ್ಟಲೆ ಮುಂದೆ ತೆರೆಯದೆ ಅಲ್ಲೇ ನಿಂತಿದೆ, ಅವಳು ಸೋತಿದ್ದಾಳೆ. ಇಂಥ ಹೊತ್ತಿನಲ್ಲಿ ಹೆಂಗಸರು ಕೇಳುವ ಮಾತು ‘ನನ್ನ ಕೈಲಿ ಆಗಲಿಲ್ಲ ಅಲ್ವಾ ಅಕ್ಕ?’ ಇದನ್ನು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ರಾತ್ರಿಯಿಡೀ ಹೆಣಗಿದವಳು ತಾನು ಸೋತೆ ಅಂದುಕೊಳ್ಳುವಂತೆ ನಾವೆಲ್ಲ ಸೇರಿ ಮಾಡಿದ್ದೇವೆ. ಅವಳ ಜೊತೆ ನಾನೂ ಆಸ್ಪತ್ರೆಗೆ ಹೋಗುತ್ತೇನೆ. ಅಲ್ಲಿ ಹೆರಿಗೆ ನನ್ನ ಕೆಲಸವಲ್ಲ, ಆದರೆ ಅಲ್ಲಿಯವರು ಬಿಟ್ಟಷ್ಟು ಹೊತ್ತು ಅವಳ ತಲೆ ಹತ್ತಿರ ಇರುತ್ತೇನೆ.

ಹಣದ ವಿಷಯದಲ್ಲಿ ಒಂದೇ ಮಾತು. ಹೆರಿಗೆ ನನ್ನಲ್ಲಾದರೂ ಆಸ್ಪತ್ರೆಯಲ್ಲಾದರೂ ನನ್ನ ಫೀಸು ಅಷ್ಟೇ. ಕಳಿಸಿದರೆ ನನಗೆ ನಷ್ಟ ಅಂತ ಆದರೆ, ನಾನೆಷ್ಟೇ ನಿಯತ್ತಿನವಳಾದರೂ, ಬೆಳಗಿನ ಜಾವ ಆ ಲೆಕ್ಕ ತಲೆಯ ಮೂಲೆಯಲ್ಲಿ ಕೂತಿರುತ್ತದೆ. ಬಸಿರಿನ ಭೇಟಿಗಳು, ಹೆರಿಗೆಯಲ್ಲಿ ಜೊತೆಗಿರುವುದು, ಬಾಣಂತನದ ಭೇಟಿಗಳು, ಇವೆಲ್ಲ ಸೇರಿ ಒಂದೇ ಮೊತ್ತ. ಮಗು ಯಾವ ಮಂಚದ ಮೇಲೆ ಹುಟ್ಟಿತು ಅನ್ನುವುದಕ್ಕೆ ಅದರಲ್ಲಿ ಜಾಗವೇ ಇಲ್ಲ.

ನಿದ್ದೆಯ ಬಗ್ಗೆ ಯಾರೂ ಮೊದಲು ಹೇಳಲ್ಲ. ದಿನ ತುಂಬಿದವರು ಇಬ್ಬರು ಮೂವರು ಇದ್ದರೆ ಸ್ನಾನಕ್ಕೆ ಹೋಗುವಾಗಲೂ ಫೋನ್ ಜೊತೆಗೆ. ಹಬ್ಬ, ಮದುವೆ, ಊರಿಗೆ ಹೋಗುವುದು, ಎಲ್ಲದಕ್ಕೂ ‘ನೋಡೋಣ’ ಅನ್ನುವ ಉತ್ತರ. ಒಬ್ಬಳೇ ಇದನ್ನು ನಡೆಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೆರಿಗೆಯಾದ ಕೂಡಲೇ ಕೋಣೆಯಲ್ಲಿ ನೋಡಬೇಕಾದವರು ಇಬ್ಬರು, ತಾಯಿ ಮತ್ತು ಮಗು. ಇಬ್ಬರಿಗೂ ಒಟ್ಟಿಗೇ ತೊಂದರೆಯಾದರೆ ಎರಡು ಕೈ ಸಾಲಲ್ಲ. ಅದಕ್ಕಿಂತ ಹೆಚ್ಚಾಗಿ, ಇಡೀ ರಾತ್ರಿ ಎಚ್ಚರ ಇದ್ದವಳಿಗೆ ಇನ್ನೊಬ್ಬಳ ಕಣ್ಣು ಬೇಕು. ಮಗು ಕೆಳಗಿಳಿಯುವ ಹೊತ್ತಿಗೆ 5 ನಿಮಿಷಕ್ಕೊಮ್ಮೆ ಎದೆಬಡಿತ ಕೇಳಬೇಕು, ಒಂದು ನಿಮಿಷ ಪೂರ್ತಿ, ನೋವು ಬಿಟ್ಟ ಮೇಲೂ. ನಿಮಿಷಕ್ಕೆ 110ರಿಂದ 160ರ ಒಳಗೆ ಇರಬೇಕು. ಸುಸ್ತಾದವಳ ಕಿವಿಗೆ ಬೇಕಾದ್ದೇ ಕೇಳಿಸುವ ಅಪಾಯ ಇದೆ. ಅದಕ್ಕೆ ಒಬ್ಬಳು ಎದೆಬಡಿತ ಕೇಳಿಸುವ ಡಾಪ್ಲರ್ ಯಂತ್ರ ಹಿಡಿದರೆ ಇನ್ನೊಬ್ಬಳು ಗಡಿಯಾರ ನೋಡಿ ಬರೆಯುತ್ತಾಳೆ. ನನ್ನ ಜೊತೆ ಬಂದ ಮಿಡ್‌ವೈಫ್ ನನಗಿಂತ ಚಿಕ್ಕವಳು. ಹಾಳೆ ಪ್ರಕಾರ ಫೋನ್ ಮಾಡಲು ಅವಳಿಗೆ ನನ್ನ ಅಪ್ಪಣೆ ಬೇಡ. ಅದನ್ನೂ ಬರೆದಿಟ್ಟಿದ್ದೇವೆ.

ಬಾಣಂತಿಯ ಮನೆಗೆ ಹೋಗುವುದು ಈ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟದ ಭಾಗ. ಮೊದಲ ವಾರದಲ್ಲಿ ಹಾಲು ಕುಡಿಸುವಾಗ ಮಗುವಿನ ಬಾಯಿ ಸರಿಯಾಗಿ ಕಚ್ಚಿದೆಯಾ, ಹೊಲಿಗೆ ಒಣಗಿದೆಯಾ, ಮಗು ಹಳದಿ ಆಗಿದೆಯಾ ಅಂತ ನೋಡುತ್ತೇನೆ. ಆಮೇಲೆ ಮನೆಯವರನ್ನೆಲ್ಲ ಹೊರಗೆ ಕಳಿಸಿ ಸುಮ್ನೆ ಕೂರುತ್ತೇನೆ. ಅವಳೇ ಶುರು ಮಾಡುತ್ತಾಳೆ. ಹೆರಿಗೆ ಹೇಗಾಯಿತು ಅಂತ ನನಗೇ ಹೇಳುತ್ತಾಳೆ, ನಾನು ಅಲ್ಲೇ ಇದ್ದರೂ. ವಾರ್ಡಿನಲ್ಲಿದ್ದಾಗ ನನಗೆ ತಪ್ಪಿಹೋಗುತ್ತಿದ್ದದ್ದು ಈ ಮಾತುಗಳೇ. ಆಸ್ಪತ್ರೆಗೆ ಕಳಿಸಿದವರ ಹತ್ತಿರ ಜಾಸ್ತಿ ಹೊತ್ತು ಇರುತ್ತೇನೆ. ‘ಯಾಕೆ ಹೋಗಬೇಕಾಯಿತು?’ ಅಂತ ಕೇಳಿದರೆ ನಕ್ಷೆ ಬಿಚ್ಚಿ, ಯಾವ ಗಂಟೆಗೆ ಏನಾಯಿತು ಅಂತ ಬೆರಳಿಟ್ಟು ತೋರಿಸುತ್ತೇನೆ.

ಎರಡೂ ಹಾಳೆಗಳನ್ನು ವರ್ಷಕ್ಕೊಮ್ಮೆ ನಾವಿಬ್ಬರೂ ತಜ್ಞೆಯ ಜೊತೆ ಕೂತು ಮತ್ತೆ ಓದುತ್ತೇವೆ. ಕಳಿಸಿದ ಪ್ರತಿಯೊಬ್ಬರ ನಕ್ಷೆಯನ್ನೂ ಮುಂದಿಟ್ಟುಕೊಂಡು ಫೋನ್ ಹೋದದ್ದು ಸರಿಯಾದ ಹೊತ್ತಿಗಾ ಅಂತ ನೋಡುತ್ತೇವೆ. ಕಳೆದ ಸಲ ರಕ್ತಸ್ರಾವದ ಸಾಲು ಬದಲಾಯಿತು. ನಾಡಿ ಏರಿದ್ದರೆ ಅಥವಾ ಬಿಪಿ ಇಳಿದಿದ್ದರೆ 500ರವರೆಗೂ ಕಾಯುವುದು ಬೇಡ, 300ಕ್ಕೇ ಫೋನ್ ಅಂತ ತಿದ್ದಿದೆವು. ತಿದ್ದಿದ ಹಾಳೆಯ ಒಂದು ಪ್ರತಿ ಆಸ್ಪತ್ರೆಯಲ್ಲಿ, ಒಂದು ನಮ್ಮ ಗೋಡೆಯ ಮೇಲೆ, ಇನ್ನೊಂದನ್ನು ಮೊದಲ ಭೇಟಿಗೆ ಬಂದ ಪ್ರತಿಯೊಬ್ಬರ ಕೈಗೂ ಕೊಡುತ್ತೇವೆ.